ಹಿಮದ ನಾಡಿನ ಕಡಲಬೇಟೆ

ನಮ್ಮ ಕರಾವಳಿಯ ಮೀನುಗಾರರ ಮೇಲೆ ಕಡಲು ಮುನಿಯುವುದು ಮಳೆಗಾಲದಲ್ಲಿ. ಉತ್ತರ ಅಮೇರಿಕದ ವಾಯವ್ಯ ತೀರದಲ್ಲಿಯಾದರೋ ಚಳಿಗಾಲವೇ ಕಠಿಣವಾದುದು. ಆ ಕಾಲದಲ್ಲಿಯೂ ಗಾಳ ಹಿಡಿದು ಸಮುದ್ರಕ್ಕಿಳಿಯುವವರು ಅಲ್ಲಿ ಉಂಟು. ಅವರ ಬೇಟೆಯನ್ನು ನೋಡಲು ಈ ತಿಂಗಳು ನಾವು ವಾಚಕರನ್ನು ಅಲಾಸ್ಕದ ಹೋಮರ್ ಎಂಬ ಊರಿಗೆ ಕರೆದೊಯ್ಯಬೇಕೆಂದಿರುವೆವು.

ಕಾಚೆಮಾಕ್ ಕೊಲ್ಲಿಯ ದಡದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 6 ಗಂಟೆಗಳಷ್ಟೇ. ಸುತ್ತಣ ಬೆಟ್ಟಗಳು ಹಿಮದಲ್ಲಿ ಮುಚ್ಚಿಹೋಗಿದ್ದರೂ ಕೊಲ್ಲಿಯ ಹೊರಭಾಗವು ಹೆಪ್ಪುಗಟ್ಟುವುದಿಲ್ಲವಾದುದರಿಂದ ದೋಣಿಗಳಿಗೆ ದಾರಿಯುಂಟು. ಆದರೆ ಆ ನೀರಿಗೆ ಬಿದ್ದವನ ಕೈಕಾಲುಗಳು ಕೆಲವೇ ನಿಮಿಷಗಳಲ್ಲಿ ಮರಗಟ್ಟುವುವು. ಎಂತಹ ಈಜುಗಾರನೂ ತೇಲುವ ಅಂಗಿಯನ್ನು ತೊಡದೆ ಅಲ್ಲಿ ದೋಣಿಯೇರಬಾರದು.

ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವುದೆಂಬುದನ್ನು ಹಲವರು ಬಲ್ಲರು. ಬೇಸಗೆಯಲ್ಲಿ ಸಿಕ್ಕುವವು ಬಹುಮಟ್ಟಿಗೆ ಹೀಗೆ ತವರಿಗೆ ಹೊರಟವು. ಚಳಿಗಾಲದಲ್ಲಿ ಸಿಕ್ಕುವವಾದರೋ ಇನ್ನೂ ಪ್ರಾಯಕ್ಕೆ ಬಾರದೆ, ಹೆರಿಂಗ್ ಮೊದಲಾದ ಸಣ್ಣ ಮೀನುಗಳನ್ನು ತಿಂದು ಕೊಬ್ಬುತ್ತಿರುವ ಚಿನೂಕ್ ಜಾತಿಯ ಸಾಲ್ಮನ್‌ಗಳು. ಇವುಗಳ ರುಚಿಯೇ ಬೇರೆಯೆಂದು ಅಲ್ಲಿಯವರು ಹೇಳುವರು.

ಈ ಮೀನು ಎಷ್ಟು ಆಳದಲ್ಲಿ ಸಂಚರಿಸುತ್ತಿರುವುದೋ ಅಷ್ಟೇ ಆಳಕ್ಕೆ ಗಾಳವು ಇಳಿಯಬೇಕು. ಅದಕ್ಕಾಗಿ ಸೀಸದ ಭಾರವಾದ ಗುಂಡನ್ನು ಉಕ್ಕಿನ ತಂತಿಯಿಂದ ಇಳಿಬಿಟ್ಟು, ಗಾಳದ ದಾರವನ್ನು ಒಂದು ಚಿಮಟದಿಂದ ಆ ತಂತಿಗೆ ಸಿಕ್ಕಿಸುವರು. ದೋಣಿಯು ಮೆಲ್ಲಮೆಲ್ಲನೆ ಸಾಗುತ್ತಿರುವಾಗ ಮೀನು ಕಚ್ಚಿದರೆ ದಾರವು ಕಳಚಿಕೊಳ್ಳುವುದು. ಆಗ ಮೀನಿಗೂ ಮನುಷ್ಯನಿಗೂ ನೇರವಾದ ಹೋರಾಟ. ಹೋಮರಿನ ಗಾಳಕ್ಕೆ ಸಿಕ್ಕಿದ ಮೀನು ದೂರದ ಬ್ರಿಟಿಷ್ ಕೊಲಂಬಿಯದಲ್ಲಿಯೋ ವಾಷಿಂಗ್ಟನ್ ಸಂಸ್ಥಾನದ ಹೊಳೆಯಲ್ಲಿಯೋ ಹುಟ್ಟಿದ್ದಿರಬಹುದು. ಒಂದು ನಾಡಿನ ಹೊಳೆಯ ಬೆಳೆಯನ್ನು ಇನ್ನೊಂದು ನಾಡಿನವರು ಕೊಯ್ಯುವರು. ಆದುದರಿಂದಲೇ ಒಬ್ಬೊಬ್ಬನು ಎಷ್ಟು ಹಿಡಿಯಬಹುದೆಂಬುದಕ್ಕೆ ಕಟ್ಟಳೆಯುಂಟು.

ಇನ್ನು ಹ್ಯಾಲಿಬಟ್. ನಮ್ಮ ಕಡಲಿನ ನಂಗು ಮೀನಿನಂತೆ ಇದೂ ಚಪ್ಪಟೆಯಾಗಿ ನೆಲಕ್ಕಂಟಿರುವುದು. ಮರಿಯಾಗಿರುವಾಗ ಇದರ ಕಣ್ಣುಗಳು ಎರಡು ಪಕ್ಕಗಳಲ್ಲಿದ್ದು, ಬೆಳೆದಂತೆ ಎಡಗಣ್ಣು ತಲೆಯನ್ನು ಸುತ್ತಿಕೊಂಡು ಬಲಪಕ್ಕಕ್ಕೆ ಬರುವುದು. ಸೃಷ್ಟಿಯ ಚಮತ್ಕಾರವನ್ನು ಏನೆನ್ನೋಣ! ಹೆಣ್ಣು ಮೀನು 200 ಕಿಲೋಗ್ರಾಂ ಮೀರಿ ಬೆಳೆದುದುಂಟು. ಆದರೆ ಅದು ತಾಯಾಗಲು ಸುಮಾರು 12 ವರ್ಷಗಳು ಬೇಕು.

ಚಳಿಗಾಲ ಬಂದೊಡನೆ ದೊಡ್ಡ ಹ್ಯಾಲಿಬಟ್‌ಗಳು ತೀರವನ್ನು ಬಿಟ್ಟು, ಮೊಟ್ಟೆಯಿಡುವುದಕ್ಕಾಗಿ 180 ರಿಂದ 450 ಮೀಟರುಗಳ ಆಳಕ್ಕೆ ಹೋಗಿ ಗುಂಪುಗೂಡುವುವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಡಗುಗಳು ಅವನ್ನು ಮನಬಂದಂತೆ ಹಿಡಿದುದರಿಂದ ಸಂತತಿಯು ಕ್ಷೀಣಿಸತೊಡಗಿತು. ಲಾಭಪಡೆದವರಿಗೇ ಭಯವುಂಟಾಯಿತು. 1923ರ ಮಾರ್ಚ್ 2ರಂದು ಕೆನಡ ಮತ್ತು ಅಮೇರಿಕ ಸಂಯುಕ್ತ ಸಂಸ್ಥಾನಗಳು ಒಡಂಬಡಿಕೆ ಮಾಡಿಕೊಂಡು, ನವೆಂಬರ್ 16 ರಿಂದ ಫೆಬ್ರವರಿ 15ರ ವರೆಗೆ ಹ್ಯಾಲಿಬಟ್ ಹಿಡಿಯುವ ವ್ಯಾಪಾರವನ್ನು ನಿಲ್ಲಿಸಿದುವು. ಬ್ರಿಟನ್ನಿನ ಸಹಿಯಿಲ್ಲದೆ ಕೆನಡವು ತಾನಾಗಿ ರುಜುಮಾಡಿದ ಮೊದಲ ಒಪ್ಪಂದವಿದು. ಒಂದು ಮೀನು ಒಂದು ದೇಶದ ಸ್ವಾತಂತ್ರ್ಯಚರಿತ್ರೆಯಲ್ಲಿ ಸೇರಿತು! ಅಂದು ಹುಟ್ಟಿದ ಆಯೋಗವು ಇಂದಿಗೂ ಕೆಲಸಮಾಡುತ್ತಿದೆ.

ಹೀಗೆ ಅದೇ ಚಳಿಗಾಲದಲ್ಲಿ ಒಂದು ಮೀನಿಗೆ ಗಾಳ, ಇನ್ನೊಂದಕ್ಕೆ ಬಿಡುವು. ನಮ್ಮಲ್ಲಿಯೂ ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ದಡದಲ್ಲಿ ನಿಲ್ಲುವುವು. ಆ ಎರಡು ತಿಂಗಳು ಬೆಸ್ತರ ಮನೆಯ ಒಲೆಗೆ ಕಷ್ಟವೇ ಸರಿ. ಆದರೂ ಬಿತ್ತನೆಯ ಭತ್ತವನ್ನು ಕುಟ್ಟಿ ಉಣ್ಣುವ ರೈತನುಂಟೆ? ಕಡಲಿಗೂ ಅದೇ ನ್ಯಾಯವೆಂದು ನಮಗೆ ತೋರುತ್ತದೆ.