ಬೆಚ್ಚಿದಾಗ ಎರಡೂ ಕೈ ಎದ್ದವಾ?

ಮಗಳು ಹುಟ್ಟಿ ಹನ್ನೆರಡು ದಿನ ಆಗಿತ್ತು. ತವರಲ್ಲಿ ಬಾಣಂತನ. ಅಮ್ಮ ಮಗೂಗೆ ನೀರೆರೆದು, ಮೈ ಒರೆಸಿ ಮಲಗಿಸಿದ್ದಳು. ಅಡುಗೆಮನೆಯಲ್ಲಿ ಚೊಂಬು ಬಿದ್ದ ಸದ್ದಿಗೆ ಮಗು ಬೆಚ್ಚಿಬಿತ್ತು.

"ಅದು ಮೋರೋ ರಿಫ್ಲೆಕ್ಸ್ ಅಮ್ಮ, ಎಲ್ಲಾ ಮಕ್ಕಳಿಗೂ ಇರುತ್ತೆ" ಅಂದೆ, ಫೋನಿನಿಂದ ಕಣ್ಣೆತ್ತದೆ.

"ಇರ್ಲಿ ಕಣೇ. ಆದ್ರೆ ಎಡಗೈ ಮಾತ್ರ ಎತ್ತುತ್ತೆ, ಬಲಗೈ ಹಾಗೇ ಬಿದ್ದಿರುತ್ತೆ. ಮೂರು ದಿನದಿಂದ ನೋಡ್ತಿದೀನಿ."

ನನ್ನ ಎದೆ ಧಸಕ್ಕೆಂದಿತು. ಅದೇ ಸಂಜೆ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು.

ಅವರು ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದು, ತುಸುವೇ ಕೆಳಗೆ ಬಿಟ್ಟಂತೆ ಮಾಡಿದರು. (ಮನೆಯಲ್ಲಿ ಇದನ್ನು ಮಾಡಬೇಡಿ.) ಎಡಗೈ ಅರಳಿ ಮತ್ತೆ ಎದೆಗೆ ಬಂತು. ಬಲಗೈ ಏಳಲಿಲ್ಲ. ಎಕ್ಸ್-ರೇಯಲ್ಲಿ ಕೊರಳೆಲುಬು ಮುರಿದಿರಲಿಲ್ಲ. "ಹೆರಿಗೆಯಲ್ಲಿ ಭುಜ ಹೊರಬರುವಾಗ ಕತ್ತಿನಿಂದ ಕೈಗೆ ಹೋಗೋ ನರ ಎಳೆದುಕೊಂಡಿದೆ. ಬೆರಳು ಕೊಟ್ರೆ ಬಿಗಿಯಾಗಿ ಹಿಡೀತಾಳೆ, ಒಳ್ಳೇ ಲಕ್ಷಣ" ಎಂದರು.

1918ರಲ್ಲಿ ಅರ್ನ್ಸ್ಟ್ ಮೋರೋ ಎಂಬ ಮಕ್ಕಳ ವೈದ್ಯರು ವಿವರಿಸಿದ ಪ್ರತಿಕ್ರಿಯೆ ಇದು. ಇಂಥವು ಇನ್ನೂ ಇವೆ. ಕೆನ್ನೆ ಸವರಿದರೆ ಮಗು ಆ ಕಡೆ ಬಾಯಿ ತಿರುಗಿಸುತ್ತೆ, ಅಂಗೈಗೆ ಬೆರಳಿಟ್ಟರೆ ಹಿಡಿಯುತ್ತೆ, ಪಾದ ನೆಲಕ್ಕೆ ತಾಗಿಸಿದರೆ ಹೆಜ್ಜೆ ಹಾಕುತ್ತೆ. ಯಾವುದೂ ಮಗು ಬೇಕೆಂದು ಮಾಡೋದಲ್ಲ. ಮಿದುಳು ಬೆಳೆದು ಹಿಡಿತ ಸಾಧಿಸಿದ ಹಾಗೆ ಇವು ಮರೆಯಾಗುತ್ತವೆ. ಹೆಜ್ಜೆ ಹಾಕೋದು ಸುಮಾರು 2 ತಿಂಗಳಿಗೆ, ಬೆಚ್ಚೋದು, ಬೆರಳು ಹಿಡಿಯೋದು 4ರಿಂದ 6 ತಿಂಗಳೊಳಗೆ. ಹೆಜ್ಜೆ ನಿಂತಿತೆಂದು ಹೆದರಬೇಡಿ, ನಿಜವಾದ ನಡಿಗೆ ಆಮೇಲೆ ಬರುತ್ತೆ.

ಹಾಗಾಗಿ ಪ್ರತಿಕ್ರಿಯೆ ಇದೆಯಾ ಅಂತ ಮಾತ್ರ ನೋಡಿದರೆ ಸಾಲದು. ಎರಡೂ ಕಡೆ ಸಮನಾಗಿದೆಯಾ, ಸಮಯಕ್ಕೆ ಹೋಯಿತಾ ಅಂತಲೂ ನೋಡಬೇಕು. ಒಂದೇ ಕೈ ಏಳುತ್ತಿದ್ದರೆ, 6 ತಿಂಗಳಾದರೂ ಹಾಗೇ ಬೆಚ್ಚುತ್ತಿದ್ದರೆ, 4 ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಸದ್ದೇ ಇಲ್ಲದೆ, ಒಂದರ ಹಿಂದೊಂದು ಬೆಚ್ಚಿದಂತೆ ಮೈ ಮುದುರುತ್ತಿದ್ದರೆ ವಿಡಿಯೋ ಮಾಡಿಕೊಂಡು ಅದೇ ದಿನ ಹೋಗಿ. ಅದು ಫಿಟ್ಸ್ ಇರಬಹುದು.

ನಮಗೆ ಫಿಸಿಯೋಥೆರಪಿಸ್ಟ್ ಭುಜ, ಮೊಣಕೈ ಮೆಲ್ಲಗೆ ಆಡಿಸೋದನ್ನು ಕಲಿಸಿದರು. ಆ ಕೈ ಹಿಡಿದು ಎತ್ತಬಾರದು, ಜೋರಾಗಿ ತಿಕ್ಕಬಾರದು ಎಂದರು. ದಿನಾ ಅಮ್ಮ, ನಾನು ಸರದಿ ಮೇಲೆ ಮಾಡಿದೆವು. ಆರನೇ ವಾರಕ್ಕೆ ಮೊಣಕೈ ಮಡಚಿತು. ಮೂರನೇ ತಿಂಗಳಲ್ಲಿ ಒಂದು ದಿನ ಕುಕ್ಕರ್ ಕೂಗಿದಾಗ ಎರಡೂ ಕೈ ಒಟ್ಟಿಗೆ ಎದ್ದವು. ಮಗು ಅತ್ತಿತು, ನಾವಿಬ್ಬರೂ ನಕ್ಕೆವು.

ಎಲ್ಲರಿಗೂ ಇಷ್ಟು ಬೇಗ ವಾಸಿಯಾಗಲ್ಲ, ಅದಕ್ಕೇ ಬೇಗ ತೋರಿಸಬೇಕು. ಈಗ ಅವಳಿಗೆ ಏಳು ತಿಂಗಳು. ಬೆಚ್ಚೋದು ನಿಂತಿದೆ. ನನ್ನ ಫೋನನ್ನು ಬಲಗೈಯಲ್ಲಿ ಕಿತ್ತುಕೊಂಡು ಎಡಗೈಗೆ ದಾಟಿಸ್ತಾಳೆ. ನಾನೂ ಬಿಟ್ಟುಕೊಡ್ತೀನಿ.