ಕಾಂಡ್ಲಾ ಕಾಡಿನಲ್ಲಿ ಪುಟ್ಟ ಹೆಜ್ಜೆ

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಭಟ್ಕಳದ ಕಡೆ ಹೊರಟರೆ ಮೊದಲು ಸಿಗುವ ಊರು ಕಾಸರಕೋಡು. ಮುರ್ಡೇಶ್ವರದ ಅವಸರದಲ್ಲಿರುವ ಎಷ್ಟೋ ಕಾರುಗಳು ಇಲ್ಲಿ ನಿಲ್ಲುವುದೇ ಇಲ್ಲ. ಮೂರು-ನಾಲ್ಕು ವರ್ಷದ ಮಗು ಜೊತೆಗಿದ್ದರೆ ಮಾತ್ರ ಖಂಡಿತ ನಿಲ್ಲಬೇಕು. ಹೊಳೆಯ ಹಿನ್ನೀರಿನಲ್ಲಿ ಅರಣ್ಯ ಇಲಾಖೆ ಕಟ್ಟಿದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆಹಾದಿ, ಕಡಲ ಕಡೆಗೆ ಇಕೋ ಬೀಚ್. ಎರಡೂ ಸೇರಿದರೆ ಪುಟ್ಟ ಕಾಲುಗಳಿಗೆ ಅರ್ಧ ದಿನದ ತಿರುಗಾಟ.

ನಡಿಗೆಹಾದಿಯ ಮೇಲೆ ದೊಡ್ಡವರ ಕಣ್ಣು ಮರಗಳ ಮೇಲಿರುತ್ತದೆ, ಮೊಬೈಲು ಫೋಟೊಕ್ಕೆ ಸಿದ್ಧವಾಗಿರುತ್ತದೆ. ಮಗುವಿನ ಕಣ್ಣು ಇರುವುದೇ ಕೆಸರಿಗೆ ಹತ್ತಿರ. ಇಲ್ಲಿ ನೋಡಬೇಕಾದ್ದೂ ಹೆಚ್ಚಾಗಿ ಅಲ್ಲೇ.

"ಅಪ್ಪಾ, ಅದು ಯಾಕೆ ಕೈ ಬೀಸ್ತಿದೆ?" ಎಂದು ಮಗು ಕೇಳಿದರೆ ಬಗ್ಗಿ ನೋಡಬೇಕು. ಒಂದು ಕೊಂಬು ತೀರಾ ದೊಡ್ಡದು, ಇನ್ನೊಂದು ಚಿಕ್ಕದಿರುವ ಗಂಡು ಏಡಿ ಅದು. ದೊಡ್ಡ ಕೊಂಬನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ, ಎದುರಾಳಿಯನ್ನು ಬೆದರಿಸುತ್ತದೆ. ಹೆಣ್ಣಿಗೆ ಎರಡೂ ಚಿಕ್ಕವೇ. ಹೆಜ್ಜೆಯ ಸದ್ದಿಗೆ ಎಲ್ಲವೂ ಬಿಲ ಸೇರಿಬಿಡುತ್ತವೆ. ಹಾಗಾಗಿ ಸರಸರ ನಡೆದವರಿಗೆ ಬರೀ ತೂತುಗಳು ಕಾಣುತ್ತವೆ. ಮಗು ಹಟ ಹಿಡಿದು ಒಂದೇ ಕಡೆ ಕುಕ್ಕರಿಸಿತೆಂದರೆ ಅದನ್ನು ಎಳೆಯಬಾರದು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಂದೊಂದಾಗಿ ಹೊರಗೆ ಬರುತ್ತವೆ. ಅದೃಷ್ಟವಿದ್ದರೆ ಕೆಸರಿನ ಮೇಲೆ ಕುಪ್ಪಳಿಸುವ ಮೀನೂ ಕಂಡೀತು. ಚರ್ಮ ಒದ್ದೆಯಾಗಿರುವಷ್ಟು ಕಾಲ ಅದು ನೀರಿನ ಹೊರಗೂ ಉಸಿರಾಡಬಲ್ಲದು.

ಮರಗಳೂ ಸಾಮಾನ್ಯದವಲ್ಲ. ಕೆಸರಿನೊಳಗೆ ಗಾಳಿಯಾಡದ ಕಾರಣ ಕೆಲವು ಜಾತಿಯವು ಉಸಿರಾಟಕ್ಕೆಂದೇ ಬೇರುಗಳನ್ನು ನೆಲದಿಂದ ಮೇಲಕ್ಕೆ ಚಾಚುತ್ತವೆ. ಕೆಲವಕ್ಕೆ ಎಲೆಯಿಂದಲೇ ಉಪ್ಪನ್ನು ಹೊರಹಾಕುವ ಉಪಾಯ ಗೊತ್ತು. ಇನ್ನು ಕೆಲವುಗಳ ಬೀಜ ಮರದಲ್ಲಿದ್ದಾಗಲೇ ಮೊಳೆತು, ನುಗ್ಗೆಕಾಯಿಯ ಹಾಗೆ ಜೋತಾಡುತ್ತಿರುತ್ತದೆ. ಉದುರಿದಾಗ ಕೆಸರಿಗೆ ನಾಟಿಕೊಂಡರೆ ಅಲ್ಲೇ ಗಿಡ, ನೀರಿಗೆ ಬಿದ್ದರೆ ತೇಲುತ್ತಾ ಬೇರೆ ದಡಕ್ಕೆ ಪಯಣ. ಈ ಬೇರುಗಳ ಸಂದಿಯಲ್ಲೇ ಮೀನು-ಸಿಗಡಿಗಳ ಮರಿಗಳು ಬೆಳೆಯುವುದು. ಅಳಿವೆಯ ಮೀನುಗಾರರ ಅನ್ನವೂ ಈ ಕಾಡಿನ ನಂಟಿನದು.

ಹೋಗುವ ಹೊತ್ತು ಮುಖ್ಯ. ಉಬ್ಬರವಿದ್ದಾಗ ಕೆಸರೆಲ್ಲ ನೀರಡಿ ಮುಳುಗಿ ಏಡಿಗಳು ಕಾಣವು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ನಿನ್ನೆಯ ಹೊತ್ತು ಇಂದಿಗೆ ಸಲ್ಲದು. ಅಲ್ಲಿನ ದೋಣಿಯವರನ್ನು ಕೇಳಿದರೆ ಕರಾರುವಾಕ್ಕಾಗಿ ಹೇಳುತ್ತಾರೆ. ಇಳಿತ ಬೆಳಗಿನ ಹೊತ್ತಿಗೋ ಸಂಜೆಗೋ ಬರುವ ದಿನ ಆರಿಸಿಕೊಂಡರೆ ಮಗುವಿಗೆ ಬಿಸಿಲಿನ ಕಾಟವೂ ತಪ್ಪುತ್ತದೆ.

ಬಳಿಕ ಬೀಚು. 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದೇಶದ 8 ಕಡಲತೀರಗಳಲ್ಲಿ ಕರ್ನಾಟಕದವು ಎರಡು: ಕಾಸರಕೋಡು ಮತ್ತು ಪಡುಬಿದ್ರಿ. ಡೆನ್ಮಾರ್ಕ್‌ನ ಸಂಸ್ಥೆಯೊಂದು ಕೊಡುವ ಈ ಮಾನ್ಯತೆಗೆ ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಸೇರಿದಂತೆ 33 ಮಾನದಂಡಗಳಿವೆ. ಪುಟ್ಟ ಮಗುವಿನ ತಾಯಿಗೆ ಬೇರೆಲ್ಲಕ್ಕಿಂತ ಶುಚಿಯಾದ ಶೌಚಾಲಯವೇ ದೊಡ್ಡ ಸಮಾಧಾನ!

ಹಾಗೆಂದು ಕಡಲನ್ನು ಹಗುರವಾಗಿ ಕಾಣುವಂತಿಲ್ಲ. ಮಳೆಗಾಲದಲ್ಲಿ ನೀರಿಗಿಳಿಯಲೇಬಾರದು. ಉಳಿದ ಕಾಲದಲ್ಲೂ ಮಗು ಕೈಯಳತೆಯಲ್ಲೇ ಇರಬೇಕು. ಚಿಪ್ಪು ಆರಿಸುವ ಮಕ್ಕಳಿಗೆ ಒಳಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಲು ಕಲಿಸಿದರೆ ಚೆನ್ನ. ಶಂಖದೇಡಿಯ ಹೊಟ್ಟೆಯ ಭಾಗಕ್ಕೆ ಗಟ್ಟಿ ಕವಚವಿಲ್ಲ, ಖಾಲಿ ಶಂಖವೇ ಅದರ ಮನೆ. ಹೊನ್ನಾವರದ ತೀರದ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳೂ ಮೊಟ್ಟೆಯಿಡುತ್ತವೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಮರಳಿನಲ್ಲಿ ಬೇಲಿ ಹಾಕಿದ ಗೂಡು ಕಂಡರೆ ಮಗುವಿಗೆ ದೂರದಿಂದಲೇ ತೋರಿಸಿ ಮುಂದೆ ನಡೆಯಬೇಕು.