ಫಾರ್ಮ್ಯಾಟ್ ಮಾಡಿಸುವ ಮುನ್ನ

ನಮ್ಮ ಭಾಗದಲ್ಲಿ ಕಂಪ್ಯೂಟರ್ ಕೆಟ್ಟಿತೆಂದರೆ ಮೊದಲು ಕೇಳಿಬರುವ ಮಾತು ಒಂದೇ: ‘ಫಾರ್ಮ್ಯಾಟ್ ಹೊಡೆಸಿಬಿಡ್ರಿ.’ ದೇವದುರ್ಗದ ಶಾಲೆಯಲ್ಲಾಗಲಿ, ಮಾನ್ವಿಯ ಅಂಗಡಿಯಲ್ಲಾಗಲಿ, ರಾಯಚೂರಿನ ಮನೆಯಲ್ಲಾಗಲಿ ಈ ಸಲಹೆ ಬದಲಾಗುವುದಿಲ್ಲ. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಬರಿದು ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದು. ಯಂತ್ರವೇನೋ ಸರಿಹೋಗುತ್ತದೆ, ಆದರೆ ಅದರಲ್ಲಿದ್ದ ಅಂಕಪಟ್ಟಿ, ಅರ್ಜಿ, ಮದುವೆಯ ಫೋಟೋ ಎಲ್ಲವೂ ಹೋಗುತ್ತವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ!

‘ಫೈಲ್ ಹೋಯಿತು’ ಎನ್ನುವ ದೂರುಗಳಲ್ಲಿ ಎಷ್ಟೋ ಸಲ ಫೈಲ್ ಹೋಗಿರುವುದೇ ಇಲ್ಲ. ಒಂದೋ ಅದು ಕಣ್ಣಿಗೆ ಕಾಣದಂತಾಗಿರುತ್ತದೆ, ಇಲ್ಲವೇ ಓದಲು ಬಾರದಂತಾಗಿರುತ್ತದೆ. ವೈದ್ಯರು ಔಷಧಿಗೆ ಮೊದಲು ಲಕ್ಷಣ ನೋಡುವಂತೆ ನಾವೂ ಮೊದಲು ಲಕ್ಷಣ ನೋಡಬೇಕು.

ಕನ್ನಡ ಹೋಗಿ ಗೀಚು ಬಂದರೆ

ಮಾನ್ವಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ರಾಯಚೂರಿಗೆ ತಂದು ತೆರೆದರೆ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ ಎಂದಿಟ್ಟುಕೊಳ್ಳಿ. ‘ವೈರಸ್ ಹೊಕ್ಕಿದೆ’ ಎಂದು ಗಾಬರಿಪಡಬೇಕಿಲ್ಲ. ನುಡಿ, ಶ್ರೀಲಿಪಿ, ಹಳೆಯ ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿರಲಿಲ್ಲ. ತಲೆಕಟ್ಟು, ಕೊಂಬು, ಒತ್ತುಗಳನ್ನು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರ ಆ ಸ್ಥಾನಗಳ ಮೂಲ ಒಡೆಯರನ್ನೇ ತೋರಿಸುತ್ತದೆ, ಅಷ್ಟೆ. ಟೈಪ್ ಮಾಡುವಾಗ ಬಳಸಿದ ಅಕ್ಷರಶೈಲಿಯನ್ನು ಹಾಕಿಕೊಂಡು, ಇಡೀ ಬರಹವನ್ನು ಆಯ್ದು ಅದನ್ನು ಅನ್ವಯಿಸಿದರೆ ಕನ್ನಡ ಮರಳುತ್ತದೆ.

ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಅದು ಬೇರೆ ಲಕ್ಷಣ. 1991ರಲ್ಲಿ ಬಂದ ಯೂನಿಕೋಡ್ ವ್ಯವಸ್ಥೆ ಕನ್ನಡಕ್ಕಾಗಿ 128 ಸ್ಥಾನಗಳನ್ನು ಕಾದಿರಿಸಿತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಬಂತು. ಆಯ್ದ ಅಕ್ಷರಶೈಲಿಯಲ್ಲಿ ಕನ್ನಡ ಇಲ್ಲದಿದ್ದರೆ ಯಂತ್ರ ಚೌಕ ತೋರಿಸುತ್ತದೆ. ತುಂಗಾ ಅಥವಾ ಈಗಿನ ವಿಂಡೋಸ್‌ನ ‘ನಿರ್ಮಲಾ’ವನ್ನು ಆಯ್ದುಕೊಂಡರೆ ಸಾಕು.

ಚೌಕ ಕಂಡರೂ ಸರಿ, ಗೀಚು ಕಂಡರೂ ಸರಿ, ಹೆದರಬೇಡಿ. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಎಚ್ಚರ. ಯೂನಿಕೋಡ್ ಕನ್ನಡವನ್ನು ನೋಟ್‌ಪ್ಯಾಡಿನಲ್ಲಿ ‘ಆನ್ಸಿ’ ರೂಪದಲ್ಲಿ ಉಳಿಸಿದಾಗ ಹೀಗಾಗುತ್ತದೆ. ಅಲ್ಲಿ ಅಕ್ಷರಗಳು ನಿಜವಾಗಿಯೂ ಅಳಿಸಿಹೋಗಿರುತ್ತವೆ. ಉಳಿಸುವಾಗ ‘ಯುಟಿಎಫ್-8’ ಎಂದು ಆಯ್ದುಕೊಳ್ಳುವುದೇ ಇದಕ್ಕೆ ಪರಿಹಾರ.

ಪೆನ್‌ಡ್ರೈವ್ ಖಾಲಿಯಾದರೆ

ಪೆನ್‌ಡ್ರೈವ್ ಊರೆಲ್ಲ ಸುತ್ತಿ ಬರುತ್ತದೆ. ಸೈಬರ್ ಅಂಗಡಿಯಲ್ಲಿ ಚುಚ್ಚಿ ತಂದ ಮೇಲೆ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಬಾಣದ ಗುರುತಿನ ‘ಶಾರ್ಟ್‌ಕಟ್’ ಮಾತ್ರ ಉಳಿದಿರುವುದುಂಟು. ಈ ಬಗೆಯ ವೈರಸ್ ಫೈಲುಗಳನ್ನು ತಿನ್ನುವುದಿಲ್ಲ, ಬಚ್ಚಿಡುತ್ತದೆ. ಆ ಶಾರ್ಟ್‌ಕಟ್ ಒತ್ತಿದರೆ ವೈರಸ್ ನಿಮ್ಮ ಯಂತ್ರಕ್ಕೂ ಹೊಕ್ಕೀತು. ಆದ್ದರಿಂದ ಅದನ್ನು ಒತ್ತಬೇಡಿ. ಮೊದಲು ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನಿಂದ ಪೆನ್‌ಡ್ರೈವನ್ನು ಪರೀಕ್ಷಿಸಿ. ನಂತರ ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಎಂಬುದಕ್ಕೆ ಗುರುತು ಹಾಕಿ. ಆಗಲೂ ಕಾಣದಿದ್ದರೆ ‘ಆಪ್ಷನ್ಸ್’ನೊಳಗೆ ವ್ಯವಸ್ಥೆಯ ರಕ್ಷಿತ ಫೈಲುಗಳನ್ನು ಮರೆಮಾಡುವ ಗುರುತನ್ನು ತೆಗೆಯಿರಿ. ಬಚ್ಚಿಟ್ಟ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಬೇಕಾದುದನ್ನು ನಕಲು ಮಾಡಿಕೊಂಡ ಮೇಲೆ ಆ ಗುರುತನ್ನು ಮತ್ತೆ ಹಾಕಿಬಿಡಿ.

ಅಳಿಸಿದ್ದು ಎಲ್ಲಿ ಹೋಗುತ್ತದೆ?

ರಾಯಚೂರಿನ ಹತ್ತಿ ಗೋದಾಮೊಂದನ್ನು ನೆನೆಯಿರಿ. ಯಾವ ಅಂಡಿಗೆ ಎಲ್ಲಿದೆ ಎಂಬುದು ರಿಜಿಸ್ಟರಿನಲ್ಲಿರುತ್ತದೆ. ರಿಜಿಸ್ಟರಿನ ಸಾಲನ್ನು ಹೊಡೆದುಹಾಕಿದರೂ ಅಂಡಿಗೆ ಅಲ್ಲೇ ಇರುತ್ತದೆ. ಹೊಸ ಸರಕು ಬಂದು ಆ ಜಾಗ ಹಿಡಿಯುವವರೆಗೆ ಅದಕ್ಕೆ ಅಪಾಯವಿಲ್ಲ. ಹಳೆಯ ಬಗೆಯ ಹಾರ್ಡ್‌ಡಿಸ್ಕ್ ಕೆಲಸ ಮಾಡುವುದು ಹೀಗೆಯೇ. ಆದ್ದರಿಂದ ಫೈಲ್ ತಪ್ಪಿ ಅಳಿಸಿದರೆ ಮೊದಲು ರಿಸೈಕಲ್ ಬಿನ್ ನೋಡಿ. ಅಲ್ಲಿಲ್ಲದಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ತುಂಬದೆ ಯಂತ್ರವನ್ನು ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಬರುವುದಿಲ್ಲ. ಹೊಸ ಎಸ್‌ಎಸ್‌ಡಿಗಳಲ್ಲಿ ಖಾಲಿಯಾದ ಜಾಗವನ್ನು ಡಿಸ್ಕೇ ಬೇಗ ಒರೆಸಿಬಿಡುವುದರಿಂದ ಮರಳಿ ಪಡೆಯುವ ಅವಕಾಶ ಬಹಳ ಕಡಿಮೆ.

ಕರೆಂಟು ಹೋದಾಗ

ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಅದರ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ದೀಪದ ಬುಡದಲ್ಲಿ ಕತ್ತಲೆ ಎಂಬಂತೆ ನಮ್ಮ ಹಳ್ಳಿಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವುದು ಹೊಸತಲ್ಲ. ಬರೆಯುವ ಹೊತ್ತಿನಲ್ಲೇ ವಿದ್ಯುತ್ ಕಡಿದರೆ ಗೋದಾಮಿನ ರಿಜಿಸ್ಟರು ಅರ್ಧಕ್ಕೆ ನಿಂತಂತೆ. ಸಿ ಡ್ರೈವಿನ ‘ಪ್ರಾಪರ್ಟೀಸ್’ನಲ್ಲಿ ‘ಟೂಲ್ಸ್’ಗೆ ಹೋಗಿ ‘ಚೆಕ್’ ಒತ್ತಿದರೆ ವಿಂಡೋಸ್ ತಾನೇ ರಿಜಿಸ್ಟರನ್ನು ತಾಳೆ ನೋಡುತ್ತದೆ. ಆದರೆ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಈ ಪರೀಕ್ಷೆ ಬೇಡ. ಅದು ಯಂತ್ರಭಾಗದ ದೋಷ. ಮೊದಲು ಮುಖ್ಯ ಫೈಲುಗಳನ್ನು ಹೊರಗೆ ತೆಗೆಯಬೇಕು.

ಕಂಪ್ಯೂಟರ್ ತೆವಳುತ್ತಿದ್ದರೆ ‘ಶಟ್‌ಡೌನ್’ ಬದಲು ‘ರೀಸ್ಟಾರ್ಟ್’ ಕೊಟ್ಟು ನೋಡಿ. ವಿಂಡೋಸ್ 8ರಿಂದೀಚೆಗೆ ಬೇಗ ಆರಂಭವಾಗಲೆಂದು ಶಟ್‌ಡೌನ್ ವೇಳೆ ವ್ಯವಸ್ಥೆಯ ಒಂದು ಭಾಗವನ್ನು ಹಾಗೆಯೇ ಉಳಿಸಿಡುವ ಏರ್ಪಾಡಿದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ.

ಎರಡನೆಯ ಪ್ರತಿ

ಇಷ್ಟಾದ ಮೇಲೂ ಫಾರ್ಮ್ಯಾಟ್ ಅನಿವಾರ್ಯವಾದರೆ ಆಗಲಿ. ಆದರೆ ಅದಕ್ಕೆ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಬೇರೆ ಡಿಸ್ಕಿಗೆ ನಕಲಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಯಂತ್ರ ನೆಟ್ಟಗಿದ್ದಾಗಲೇ ಎರಡನೆಯ ಪ್ರತಿ ಇಟ್ಟಿದ್ದರೆ ಇನ್ನೂ ಒಳ್ಳೆಯದು.

ಮಾನ್ವಿ ಹರಿಕಥಾಮೃತಸಾರ ರಚಿಸಿದ ಜಗನ್ನಾಥದಾಸರ ಊರು. ಇಂಥ ನೆಲದಲ್ಲಿ ದಾಸರ ಪದಗಳನ್ನೋ, ಊರಿನ ತತ್ವಪದಗಳನ್ನೋ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ಹಿರಿಯರು ನಿಮ್ಮ ಮನೆಯಲ್ಲೇ ಇದ್ದಾರು. ಓಲೆಗರಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಡಿಸ್ಕಿಗೆ ಹಿಡಿದದ್ದು ಕಾಣುವುದಿಲ್ಲ. ಆ ಫೈಲುಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ತಾಳೆ ನೋಡಿ, ಬೇರೊಂದು ಡಿಸ್ಕಿನಲ್ಲೂ ಇಡಿ. ಒಂದು ಭಾನುವಾರದ ಬಿಡುವಿನಲ್ಲಿ ಆಗುವ ಕೆಲಸವಿದು.